ಆಯ ತಪ್ಪಿದ ಬಾತುಮರಿ

ಬಾತುಮರಿ ಆರೋಗ್ಯವಾಗಿದ್ದಾಗಲೂ ವಾಲಾಡಿಕೊಂಡೇ ನಡೆಯುತ್ತದೆ. ಹೊಟ್ಟೆ ದಪ್ಪ, ಕಾಲು ಗಿಡ್ಡ, ಆ ಕಾಲುಗಳೂ ಮೈಯ ಹಿಂಭಾಗಕ್ಕೆ ಸರಿದು ನಿಂತಿವೆ. ಹೆಜ್ಜೆಗೊಮ್ಮೆ ದೇಹ ಎಡಕ್ಕೂ ಬಲಕ್ಕೂ ತೂಗುತ್ತದೆ. ಮಕ್ಕಳು ಮರುಳಾಗುವುದೇ ಆ ನಡಿಗೆಗೆ. ಹಾಗಾಗಿ ಕಾಯಿಲೆ ಶುರುವಾದ ದಿನ ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ಮಾರನೆಯ ದಿನ ಮರಿ ನಾಲ್ಕು ಹೆಜ್ಜೆ ಹಾಕಿ ಕುಕ್ಕರಿಸುತ್ತದೆ. ತಟ್ಟೆಗೆ ಹಾಕಿದ ಕೊಕ್ಕು ಅರ್ಧ ಅಂಗುಲ ಪಕ್ಕಕ್ಕೆ ಹೋಗಿ ನೆಲಕ್ಕೆ ಬಡಿಯುತ್ತದೆ. ಆಮೇಲೊಂದು ಹೊತ್ತಿನಲ್ಲಿ ಅಂಗಾತ ಬಿದ್ದು, ಕಾಲುಗಳನ್ನು ಗಾಳಿಯಲ್ಲಿ ಆಡಿಸುತ್ತಾ, ಯಾರಾದರೂ ಎತ್ತಿ ಕೂರಿಸುವ ತನಕ ಹಾಗೇ ಬಿದ್ದಿರುತ್ತದೆ.

ಮೈಸೂರಿನಲ್ಲಿ ಕಾಂಪೌಂಡಿನೊಳಗೆ ಒಂದಿಷ್ಟು ಮಣ್ಣು, ಒಂದು ತೆಂಗಿನ ಮರ, ಒಂದು ಬಟ್ಟೆ ಒಗೆಯುವ ಕಲ್ಲು ಉಳಿದಿರುವ ಮನೆಗಳು ಇನ್ನೂ ಇವೆ. ಬಾತುಮರಿಗಳು ಬರುವುದು ಇಂಥ ಮನೆಗಳಿಗೆ. ಕಾರಂಜಿ ಕೆರೆಯಲ್ಲಿ ಬಾತು ನೋಡಿಕೊಂಡು ಬಂದ ಮಕ್ಕಳ ಹಟಕ್ಕೆ ಮಣಿದು ಅಪ್ಪ ಎಲ್ಲಿಂದಲೋ ಒಂದು ಜೋಡಿ ಹಳದಿ ಮರಿ ತರುತ್ತಾರೆ. ರಟ್ಟಿನ ಪೆಟ್ಟಿಗೆ, ಒಂದು ಬಟ್ಟಲು ನೀರು, ಒಂದು ಹಿಡಿ ಅನ್ನ. ಮರಿ ಮುಗ್ಗರಿಸತೊಡಗಿದಾಗ ಸಲಹೆಗಳಿಗೆ ಬರವಿಲ್ಲ. ಕಾಲು ಉಳುಕಿದೆ ಎನ್ನುವವರೊಬ್ಬರು, ಶೀತ ಆಗಿದೆ ಎನ್ನುವವರೊಬ್ಬರು, ಇನ್ನು ಉಳಿಯೋದಿಲ್ಲ ಬಿಡಿ ಎನ್ನುವವರು ಇನ್ನೊಬ್ಬರು. ಈ ಮೂರನೆಯ ಮಾತನ್ನು ಒಪ್ಪಬೇಡಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಈ ಲೇಖನ. ಆಯ ತಪ್ಪುವುದು ಒಂದೇ ಕಾಯಿಲೆಯಲ್ಲ. ಅದರ ಹಿಂದೆ ಹತ್ತಾರು ಕಾರಣಗಳಿವೆ, ಕೆಲವು ಕೈಮೀರಿದವು. ಆದರೆ ಮನೆಯಲ್ಲಿ ಸಾಕಿದ ಒಂದೆರಡು ಮರಿಗಳ ಮಟ್ಟಿಗೆ ಮೊದಲು ನೋಡಬೇಕಾದದ್ದು ಅದರ ತಟ್ಟೆಯನ್ನು. ತಟ್ಟೆಯ ತಪ್ಪನ್ನು ಬೇಗ ಹಿಡಿದರೆ ಮರಿ ಬದುಕುವ ಸಾಧ್ಯತೆ ಚೆನ್ನಾಗಿಯೇ ಇದೆ.

ಹಕ್ಕಿ ನೆಟ್ಟಗೆ ನಿಲ್ಲುವುದು ಹಲವು ಅಂಗಗಳು ಒಟ್ಟುಗೂಡಿ ಮಾಡುವ ಕೆಲಸ. ಒಳಗಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳಿವೆ. 1820ರ ದಶಕದಲ್ಲಿ ಫ್ರಾನ್ಸಿನ ಪಿಯರ್ ಫ್ಲೂರೆನ್ಸ್ ಪಾರಿವಾಳಗಳಲ್ಲಿ ಈ ನಾಳಗಳನ್ನು ಕತ್ತರಿಸಿ ನೋಡಿದಾಗ ಕಿವಿ ಕೇಳುತ್ತಲೇ ಇತ್ತು, ತಲೆ ಮಾತ್ರ ಅತ್ತಿತ್ತ ಓಲಾಡತೊಡಗಿತು. ಹಿಂದಲೆಯಲ್ಲಿರುವ ಕಿರುಮಿದುಳು ಹೆಜ್ಜೆಯ ಅಳತೆ ನೋಡಿಕೊಳ್ಳುತ್ತದೆ. ಹಕ್ಕಿಗಳಿಗೆ ಸೊಂಟದ ಬಳಿ ಬೆನ್ನುಹುರಿಯಲ್ಲೂ ಸಮತೋಲ ತಿಳಿಯುವ ಇನ್ನೊಂದು ಏರ್ಪಾಡು ಇದೆಯೆಂದು ಈಚಿನ ದಶಕಗಳ ಸಂಶೋಧಕರು ಹೇಳುತ್ತಾರೆ. ಇವುಗಳ ಜೊತೆಗೆ ನರ, ಸ್ನಾಯು, ಕೀಲು. ಆದ್ದರಿಂದ ಮರಿ ಬಿತ್ತು ಎನ್ನುವುದಕ್ಕಿಂತ ಹೇಗೆ ಬಿತ್ತು ಎನ್ನುವುದು ಮುಖ್ಯ. ತಲೆ ನೆಟ್ಟಗಿದ್ದು ಕಾಲು ಮಾತ್ರ ಸೋಲುತ್ತಿದೆಯೇ? ತಲೆ ಒಂದು ಕಡೆ ಸೊಟ್ಟಗಾಗಿದೆಯೇ? ಕತ್ತು ಬೆನ್ನಿನ ಮೇಲೆ ಬಾಗಿ ಮರಿ ಆಕಾಶ ನೋಡುತ್ತಿದೆಯೇ? ಕತ್ತು ಬಟ್ಟೆಯ ಹಾಗೆ ಜೋತುಬಿದ್ದಿದೆಯೇ? ಒಂದೊಂದೂ ಒಂದೊಂದು ದಿಕ್ಕಿಗೆ ಕೈತೋರಿಸುತ್ತದೆ.

ತಟ್ಟೆಗೂ ತೂರಾಟಕ್ಕೂ ಇರುವ ನಂಟು ಪತ್ತೆಯಾದದ್ದೇ ಒಂದು ಕೋಳಿಗೂಡಿನಲ್ಲಿ. ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾದ ಬಟೇವಿಯಾದಲ್ಲಿ, 1889ರ ಸುಮಾರಿಗೆ, ಕ್ರಿಸ್ಟಿಯಾನ್ ಐಕ್ಮನ್ ಎಂಬ ವೈದ್ಯರು ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದರು. ಅವರ ಪ್ರಯೋಗದ ಕೋಳಿಗಳು ಇದ್ದಕ್ಕಿದ್ದಂತೆ ತೂರಾಡಿ ಬೀಳತೊಡಗಿದವು. ಕೆಲವು ತಿಂಗಳ ನಂತರ ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಅಷ್ಟು ದಿನ ಕೋಳಿಗಳಿಗೆ ಸೇನಾ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಬಿಳಿ ಅನ್ನ ಹೋಗುತ್ತಿತ್ತು, ಹೊಸದಾಗಿ ಬಂದ ಅಡುಗೆಯವರು ಸೇನೆಯ ಅನ್ನವನ್ನು ಕೋಳಿಗೆ ಕೊಡುವುದಿಲ್ಲವೆಂದು ನಿಲ್ಲಿಸಿದ ಮೇಲೆ ಕೋಳಿಗಳಿಗೆ ಪಾಲಿಶ್ ಮಾಡದ ಅಕ್ಕಿ ಸಿಕ್ಕಿತು, ಕೋಳಿಗಳು ಎದ್ದು ನಿಂತವು. ಪಾಲಿಶ್ ಮಾಡುವಾಗ ಉದುರಿಹೋಗುವ ತೌಡಿನಲ್ಲಿ ನರಗಳಿಗೆ ಬೇಕಾದದ್ದೇನೋ ಇದೆ ಎಂದು ಅವರ ನಂತರ ಬಂದ ಖೆರಿಟ್ ಖ್ರೈನ್ಸ್ 1901ರಲ್ಲಿ ಸ್ಪಷ್ಟಪಡಿಸಿದರು. ಅದೇ ಥಯಾಮಿನ್, ಅಂದರೆ ಬಿ1. ಐಕ್ಮನ್ ಅವರಿಗೆ 1929ರಲ್ಲಿ ನೊಬೆಲ್ ಬಂತು. ಬರೀ ಅನ್ನದ ಮೇಲೆ ಬೆಳೆಯುತ್ತಿರುವ ಬಾತುಮರಿಯನ್ನು ಕಂಡಾಗಲೆಲ್ಲ ನನಗೆ ಆ ಕೋಳಿಗಳು ನೆನಪಾಗುತ್ತವೆ. ಥಯಾಮಿನ್ ಕಡಿಮೆಯಾದ ಮರಿಯ ಗುರುತು ಬೆನ್ನಿನ ಕಡೆಗೆ ಬಾಗಿದ ಕತ್ತು. ಮಾರ್ಕೆಟ್ಟಿನಿಂದ ತಂದ ಹಸಿ ಮೀನಿನ ತುಂಡು ಹಾಕುವವರೂ ಎಚ್ಚರವಾಗಿರಬೇಕು. ಗೆಂಡೆ ಜಾತಿಯ ಕೆಲವು ಮೀನುಗಳಲ್ಲಿ ಥಯಾಮಿನ್ನನ್ನು ಒಡೆದುಹಾಕುವ ಕಿಣ್ವವಿದೆ. ಬೇಯಿಸಿದರೆ ಆ ತೊಂದರೆ ಇಲ್ಲ.

ಬಾತುಮರಿಯ ವಿಷಯದಲ್ಲಿ ಥಯಾಮಿನ್ನಿಗಿಂತ ಹೆಚ್ಚು ಕಾಡುವುದು ಅದರ ಒಡಹುಟ್ಟು ನಿಯಾಸಿನ್, ಅಂದರೆ ಬಿ3. ಬಹಳಷ್ಟು ಪ್ರಾಣಿಗಳು ಪ್ರೋಟೀನಿನಲ್ಲಿರುವ ಟ್ರಿಪ್ಟೊಫ್ಯಾನ್ ಎಂಬ ಅಂಶದಿಂದ ಒಂದಿಷ್ಟು ನಿಯಾಸಿನ್ನನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಕೋಳಿಮರಿಗೂ ಈ ಶಕ್ತಿ ತಕ್ಕಮಟ್ಟಿಗಿದೆ, ಬಾತುಮರಿಗೆ ತೀರ ಕಡಿಮೆ. ಹಾಗಾಗಿ ಬೇಕಾದದ್ದೆಲ್ಲ ಆಹಾರದಿಂದಲೇ ಬರಬೇಕು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಮಾಂಸದ ಕೋಳಿಮರಿಗೆ ಕಿಲೋ ಆಹಾರದಲ್ಲಿ 35 ಮಿಲಿಗ್ರಾಂ, ಮೊಟ್ಟೆ ಕೋಳಿಯ ಮರಿಗೆ 27, ಬಾತುಮರಿಗೆ 55 ಮಿಲಿಗ್ರಾಂ ನಿಯಾಸಿನ್ ಬೇಕು. ಬಿಳಿ ಅನ್ನದಲ್ಲಿ ಅದು ಅತ್ಯಲ್ಪ. ಮೆಕ್ಕೆಜೋಳದಲ್ಲಿ ಇರುವುದೂ ಬಹುಪಾಲು ಬಿಗಿದುಕೊಂಡ ರೂಪದಲ್ಲಿದ್ದು ಮೈಗೆ ಹತ್ತುವುದಿಲ್ಲ. ಅಂಗಡಿಯಲ್ಲಿ ಬಾತಿನ ಫೀಡ್ ಕೇಳಿದರೆ, ‘ಬಾತಿಗೆ ಅಂತ ಬೇರೆ ಬರಲ್ಲಮ್ಮ, ಕೋಳಿ ಸ್ಟಾರ್ಟರೇ ತಗೊಂಡ್ ಹೋಗಿ’ ಎನ್ನುತ್ತಾರೆ. ಅವರ ತಪ್ಪಲ್ಲ, ಈ ಊರಿನಲ್ಲಿ ಅದಕ್ಕೆ ಗಿರಾಕಿಯಿಲ್ಲ. ಆದರೆ ಕೋಳಿಯ ಲೆಕ್ಕಕ್ಕೆ ಕಲಸಿದ ಆಹಾರ ಬಾತುಮರಿಗೆ ಸಾಲದೆ ಹೋಗಬಹುದು. ಅದೂ ಪೆಕಿನ್ ತಳಿ ಹುಟ್ಟಿದಾಗ 50 ಗ್ರಾಂ ಆಸುಪಾಸಿನಲ್ಲಿದ್ದು ಎಂಟು ವಾರಕ್ಕೆ ಎರಡೂವರೆ, ಮೂರು ಕಿಲೋ ತೂಗುತ್ತದೆ. ಮೈ ಇಷ್ಟು ವೇಗದಲ್ಲಿ ಬೆಳೆಯುವಾಗ ಕಾಲಿನ ಕೊರತೆ ಕೆಲವೇ ದಿನಗಳಲ್ಲಿ ಬಯಲಾಗುತ್ತದೆ.

ಈ ಮಳೆಗಾಲದಲ್ಲಿ ನಮ್ಮ ಬೀದಿಯ ಮನೆಯೊಂದರ ಮರಿಯನ್ನು ಅಂಗೈಯಲ್ಲಿ ಹಿಡಿದು ನೋಡಿದ್ದೆ. ತಲೆ ನೆಟ್ಟಗಿತ್ತು, ಕಣ್ಣು ಹೊಳೆಯುತ್ತಿತ್ತು, ಹಸಿವೂ ಇತ್ತು. ಕಾಲಿನ ನಡುವಿನ ಕೀಲು, ನಾವು ಮೊಣಕಾಲು ಅಂದುಕೊಳ್ಳುವ ಆದರೆ ನಿಜವಾಗಿ ಹಿಮ್ಮಡಿಯಾಗಿರುವ ಆ ಗಂಟು, ಎರಡೂ ಕಡೆ ಊದಿ ದಪ್ಪಗಾಗಿತ್ತು. ನೆಲಕ್ಕೆ ಬಿಟ್ಟರೆ ಕಾಲುಗಳು ಬಿಲ್ಲಿನಂತೆ ಹೊರಕ್ಕೆ ಬಾಗಿ, ಮೂರು ಹೆಜ್ಜೆಗೆ ಹಿಂಭಾಗ ಕುಸಿಯುತ್ತಿತ್ತು. ರೆಕ್ಕೆಯ ಮೊಟಕನ್ನು ನೆಲಕ್ಕೆ ಊರಿ ಮುಂದಕ್ಕೆ ತೆವಳಿ ಅದು ಬಟ್ಟಲು ಮುಟ್ಟಿತು. ಬರೀ ಅನ್ನ ಮತ್ತು ಮೆಕ್ಕೆಜೋಳದ ನುಚ್ಚಿನ ಮೇಲೆ ಬೆಳೆದ ಮರಿ. ಪಶುವೈದ್ಯರು ನಿಯಾಸಿನ್ ಕೊಡಿಸಿದರು, ಆಹಾರ ಬದಲಿಸಿದರು. ಮೂರು ದಿನಕ್ಕೆ ನಿಲ್ಲತೊಡಗಿತು. ಗಂಟಿನ ಊತ ಮಾತ್ರ ಪೂರ್ತಿ ಇಳಿಯಲಿಲ್ಲ. ಬೇಗ ಹಿಡಿಯಬೇಕು ಎನ್ನುವುದು ಇದಕ್ಕೇ. ನರ ಮತ್ತು ಸ್ನಾಯುವಿನ ಸೋಲು ಒಂದೆರಡು ದಿನದಲ್ಲೇ ತಿರುಗಬಹುದು, ಡೊಂಕಾಗಿ ಗಟ್ಟಿಯಾದ ಮೂಳೆ ತಿರುಗುವುದಿಲ್ಲ.

ವಿಟಮಿನ್ ಇ ಕೊರತೆಯ ಮಾತೂ ಇದೆ. ಕೋಳಿಮರಿಯಲ್ಲಿ ಅದು ಕಿರುಮಿದುಳನ್ನು ಹಾಳುಮಾಡಿ ತಲೆ ಕಾಲ ಸಂದಿಗೆ ಬಾಗುವಂತೆ ಮಾಡುತ್ತದೆ. ಬಾತುಮರಿಯಲ್ಲಿ ಹೆಚ್ಚಾಗಿ ಸ್ನಾಯುಗಳನ್ನು ಸವೆಸುತ್ತದೆ. ತಿಂಗಳುಗಟ್ಟಲೆ ಬಿಚ್ಚಿಟ್ಟು ಜಿಡ್ಡುವಾಸನೆ ಬಂದ ಫೀಡ್ ಇದಕ್ಕೆ ದಾರಿ.

ತಟ್ಟೆಯಲ್ಲಿ ಇಲ್ಲದ್ದರಷ್ಟೇ ಅಪಾಯ ತಟ್ಟೆಯಲ್ಲಿ ಇರುವುದರಿಂದಲೂ ಬರುತ್ತದೆ. ಇದರಲ್ಲಿ ಮೈಸೂರಿಗೆ ತನ್ನದೇ ಆದ ಅಧ್ಯಾಯವಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು, ಬಾತುಮರಿಗಳೂ ಸತ್ತವು. ರೋಗಕ್ಕೆ ಹೆಸರೇ ಸಿಗದೆ ಟರ್ಕಿ ಎಕ್ಸ್ ಎಂದು ಕರೆದರು. ಹುಡುಕುತ್ತಾ ಹೋದಾಗ ಬ್ರೆಜಿಲ್‌ನಿಂದ ಬಂದಿದ್ದ ಕಡಲೆಕಾಯಿ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟೂ ಅದು ಸುರಿಸಿದ ವಿಷವೂ ಸಿಕ್ಕವು. ಆ ಬೂಷ್ಟಿನ ಹೆಸರಿನಿಂದಲೇ ವಿಷಕ್ಕೆ ಅಫ್ಲಟಾಕ್ಸಿನ್ ಎಂದಾಯಿತು. ಈ ವಿಷಕ್ಕೆ ಒಂದು ದಿನದ ಬಾತುಮರಿಯಷ್ಟು ಬೇಗ ಬಲಿಯಾಗುವ ಜೀವಿಗಳು ಬಹಳ ಕಡಿಮೆ. ಎಷ್ಟೆಂದರೆ, ರಾಸಾಯನಿಕ ಪರೀಕ್ಷೆಗಳು ರೂಢಿಗೆ ಬರುವ ಮೊದಲು ಆಹಾರದಲ್ಲಿ ಅಫ್ಲಟಾಕ್ಸಿನ್ ಇದೆಯೇ ಎಂದು ತಿಳಿಯಲು ಬಾತುಮರಿಗಳಿಗೇ ಅದರ ಸಾರವನ್ನು ಕುಡಿಸಿ ಈಲಿಯ ಪಿತ್ತನಾಳಗಳನ್ನು ನೋಡುತ್ತಿದ್ದರು. ಒಂದು ಗ್ರಾಮನ್ನು ಲಕ್ಷ ಪಾಲು ಮಾಡಿ, ಅದರಲ್ಲಿ ಎರಡು ಪಾಲಿನಷ್ಟು ವಿಷ 50 ಗ್ರಾಮಿನ ಮರಿಯನ್ನು ಕೊಲ್ಲಲು ಸಾಕು. ಕೋಳಿಮರಿ ಇದರ ಹಲವು ಪಟ್ಟು ತಾಳಿಕೊಳ್ಳುತ್ತದೆ.

ಆ ಕಾಲಕ್ಕೆ ಮೈಸೂರಿನ ಸಿಎಫ್‌ಟಿಆರ್‌ಐ, 1950ರಿಂದ ಚೆಲುವಾಂಬ ವಿಲಾಸದಲ್ಲಿರುವ ನಮ್ಮ ಆಹಾರ ಸಂಶೋಧನಾಲಯ, ಕಡಲೆಕಾಯಿ ಹಿಟ್ಟು ಮತ್ತು ಕಡಲೆ ಹಿಟ್ಟು ಬೆರೆಸಿ ಬಡ ಮಕ್ಕಳಿಗೆ ಪ್ರೋಟೀನ್ ಒದಗಿಸುವ ಆಹಾರವನ್ನು ರೂಪಿಸಿತ್ತು. ಕಡಲೆಕಾಯಿಯಲ್ಲೇ ವಿಷವಿರಬಹುದೆಂಬ ಸುದ್ದಿ ಆ ಪ್ರಯೋಗಾಲಯಕ್ಕೆ ಎಷ್ಟು ಆತಂಕ ತಂದಿರಬೇಕೆಂದು ಊಹಿಸಬಹುದು. 1967ರಲ್ಲಿ ಅಲ್ಲಿನ ವಿ. ಶ್ರೀನಿವಾಸಮೂರ್ತಿ, ಎಚ್.ಎ.ಬಿ. ಪಾರ್ಪಿಯಾ ಮತ್ತು ಸಂಗಡಿಗರು ಕಡಲೆಕಾಯಿ ಹಿಟ್ಟಿನಲ್ಲಿರುವ ಅಫ್ಲಟಾಕ್ಸಿನ್ನನ್ನು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಮುರಿಯುವ ವಿಧಾನವನ್ನು ಪ್ರಕಟಿಸಿದರು. ಅದಕ್ಕೆ ಹಿಂದಿನ ವರ್ಷವೇ ಅಂದಿನ ಮೈಸೂರು ರಾಜ್ಯದಲ್ಲಿ ಕೋಳಿಮರಿಗಳು ಈ ವಿಷದಿಂದ ಸತ್ತದ್ದು ದಾಖಲಾಗಿತ್ತು.

ಇಷ್ಟು ಹಿಂದಕ್ಕೆ ಹೋಗಿ ಹೇಳಿದ್ದಕ್ಕೆ ಕಾರಣವಿದೆ. ಕಡಲೆಕಾಯಿಯಲ್ಲಿ ನಿಯಾಸಿನ್ ಹೇರಳ, ಆದ್ದರಿಂದ ಹಿಂಡಿ ಹಾಕಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದನಕ್ಕೆಂದು ತಂದು ಮಳೆಗಾಲದಲ್ಲಿ ಮೂಲೆಯಲ್ಲಿಟ್ಟ ಹಿಂಡಿಯನ್ನಾಗಲಿ, ರಸ್ತೆಬದಿ ಒಣಗುವಾಗ ಒಂದು ಮಳೆ ತಿಂದ ಮೆಕ್ಕೆಜೋಳವನ್ನಾಗಲಿ ಬಾತುಮರಿಯ ಹತ್ತಿರಕ್ಕೂ ತರಬೇಡಿ. ಬೂಷ್ಟನ್ನು ಕೆರೆದು ತೆಗೆದರೂ, ಬಿಸಿಲಿಗೆ ಹಾಕಿದರೂ, ಬೇಯಿಸಿದರೂ ವಿಷ ಉಳಿಯುತ್ತದೆ. ಅಫ್ಲಟಾಕ್ಸಿನ್ ತಿಂದ ಮರಿ ಮೊದಲು ತಿನ್ನುವುದು ಬಿಡುತ್ತದೆ, ಕಾಲು ಎಳೆಯುತ್ತದೆ, ಕಾಲಿನ ಚರ್ಮಕ್ಕೆ ನೇರಳೆ ಬಣ್ಣ ಬರುತ್ತದೆ, ಕೊನೆಗೆ ಕತ್ತು ಹಿಂದಕ್ಕೆಳೆದು ಸೆಟೆದು ಸಾಯುತ್ತದೆ. ಇದಕ್ಕೆ ಮದ್ದಿಲ್ಲ, ಆಹಾರವನ್ನು ಆ ಕ್ಷಣವೇ ಬದಲಿಸುವುದೊಂದೇ ಉಪಾಯ.

ಸೋಂಕುಗಳೂ ಹೀಗೇ ಕಾಣಿಸಿಕೊಳ್ಳುತ್ತವೆ. ಆರು ವಾರದೊಳಗಿನ ಮರಿಗಳನ್ನು, ಅದರಲ್ಲೂ ಮೂರು ವಾರದೊಳಗಿನವನ್ನು ಹಿಡಿಯುವ ಬಾತಿನ ಹೆಪಟೈಟಿಸ್ ವೈರಸ್ಸಿಗೆ ಸಿಕ್ಕ ಮರಿ ಲಕ್ಷಣ ಕಂಡ ಗಂಟೆ ಎರಡು ಗಂಟೆಯಲ್ಲೇ ಹೋಗಬಹುದು. ರೀಮೆರೆಲ್ಲಾ ಎಂಬ ಬ್ಯಾಕ್ಟೀರಿಯಾ ಆದರೆ ತಲೆ ಕತ್ತು ನಡುಗುತ್ತವೆ, ಕಣ್ಣು ಮೂಗಿನಲ್ಲಿ ನೀರು ಸುರಿಯುತ್ತದೆ, ಹಿಕ್ಕೆ ಹಸಿರಾಗುತ್ತದೆ. ಇದಕ್ಕೆ ಪಶುವೈದ್ಯರು ಬರೆದುಕೊಡುವ ಆ್ಯಂಟಿಬಯಾಟಿಕ್ ಕೆಲಸ ಮಾಡುತ್ತದೆ, ತಡಮಾಡದಿದ್ದರೆ. ಜೋತುಬಿದ್ದ ಕತ್ತು ಬೊಟುಲಿಸಂ ವಿಷದ ಗುರುತು. ಕೊಳೆತ ನೀರು, ಸತ್ತ ಪ್ರಾಣಿಯ ಮೇಲಿನ ಹುಳು ಅದರ ಮೂಲ.

ಹಕ್ಕಿಜ್ವರದ ಮಾತನ್ನು ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2017ರ ಜನವರಿಯಲ್ಲಿ ಎಚ್5ಎನ್8 ವೈರಸ್ಸಿನಿಂದಾಗಿ ಮೃಗಾಲಯವನ್ನೇ ಸುಮಾರು ಒಂದು ತಿಂಗಳು ಮುಚ್ಚಿದ್ದರು. 2020ರ ಮಾರ್ಚಿನಲ್ಲಿ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟು ಸುತ್ತಲಿನ ಸಾಕುಹಕ್ಕಿಗಳನ್ನೆಲ್ಲ ಕೊಲ್ಲಬೇಕಾಯಿತು. ಈ ರೋಗ ತಗುಲಿದ ಬಾತುಗಳಲ್ಲೂ ತಲೆ ಸೊಟ್ಟಗಾಗುವುದು, ಸುತ್ತು ತಿರುಗುವುದು ಉಂಟು. ಮನೆಯ ಒಂದು ಮರಿ ಮಾತ್ರ ಕಾಲು ಸೋತು ಕೂತಿದ್ದರೆ ಗಾಬರಿ ಬೇಡ. ಹಲವು ಹಕ್ಕಿಗಳು ಒಮ್ಮೆಗೇ ಸತ್ತರೆ, ಅಥವಾ ಸುತ್ತಮುತ್ತ ಕಾಗೆ, ಹೆಜ್ಜಾರ್ಲೆ ಸತ್ತುಬಿದ್ದಿದ್ದರೆ, ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು. ಸಹಾಯವಾಣಿ ಸಂಖ್ಯೆ 1962. ಮರಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯುವುದು ಯಾವಾಗಲೂ ಕಡ್ಡಾಯ. ಆರೋಗ್ಯವಾಗಿ ಕಾಣುವ ಬಾತುಮರಿಯೂ ಸಾಲ್ಮೊನೆಲ್ಲಾ ಹೊತ್ತಿರಬಹುದು, ಮಕ್ಕಳು ಅದಕ್ಕೆ ಮುತ್ತಿಡುವುದು ಬೇಡ.

ವೈದ್ಯರ ಬಳಿ ಹೋಗುವವರೆಗೆ, ಹೋಗಿ ಬಂದ ಮೇಲೂ, ಮನೆಯ ಆರೈಕೆಯೇ ಮರಿಯನ್ನು ಉಳಿಸುವುದು. ಆಯ ತಪ್ಪಿದ ಮರಿಗಳಲ್ಲಿ ಎಷ್ಟೋ ಸಾಯುವುದು ಮೂಲ ಕಾಯಿಲೆಯಿಂದಲ್ಲ. ಅಂಗಾತ ಬಿದ್ದು ದಣಿದು, ಬಟ್ಟಲಿನ ನೀರಿನಲ್ಲಿ ಮುಖ ಮುಳುಗಿ, ಇಲ್ಲವೇ ಚಳಿಗೆ. ಹಳೆಯ ಹತ್ತಿ ಟವೆಲ್ಲನ್ನು ಸುರುಳಿ ಸುತ್ತಿ ಸಿಂಬೆ ಮಾಡಿ. ಮರಿಯ ಎದೆ ಹೊಟ್ಟೆ ಆ ಸಿಂಬೆಯೊಳಗೆ ಕೂರಬೇಕು, ಕಾಲು ಮೈಯ ಅಡಿಯಲ್ಲೇ ಇರಬೇಕು, ಕತ್ತಿಗೆ ಮುಂದೆ ಆಸರೆ ಸಿಗಬೇಕು. ಗಂಟೆಗೊಮ್ಮೆ ನೋಡಿ, ಒಂದೇ ಮಗ್ಗುಲಿಗೆ ಒರಗಿದ್ದರೆ ಬದಲಿಸಿ. ಪೆಟ್ಟಿಗೆಯ ತಳಕ್ಕೆ ನ್ಯೂಸ್‌ಪೇಪರ್ ಹಾಸಲೇಬಾರದು. ಮೊಸಾಯಿಕ್, ಟೈಲ್ಸ್, ರೆಡ್ ಆಕ್ಸೈಡ್ ನೆಲ, ಮೈಸೂರಿನ ಮನೆಗಳಲ್ಲಿರುವುದೆಲ್ಲ ಜಾರುವ ನೆಲವೇ. ಅದರ ಮೇಲೆ ಮರಿಯ ಕಾಲುಗಳು ಎರಡು ದಿಕ್ಕಿಗೆ ಜಾರಿ ಕೀಲು ಸಡಿಲವಾಗುತ್ತದೆ. ಒಗೆದ ಗೋಣಿತಾಟು ಅಥವಾ ಒರಟು ಬಟ್ಟೆ ಒಳ್ಳೆಯದು.

ಮೊದಲ ವಾರದ ಮರಿಗೆ 32 ಡಿಗ್ರಿಯಷ್ಟು ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಎಲ್ಇಡಿ ಬಲ್ಬಿನಲ್ಲಿ ಬೆಳಕಿದೆ, ಕಾವಿಲ್ಲ. ಹಳೆಯ ತಂತಿಬಲ್ಬು, 60 ವಾಟಿನದು, ಪೆಟ್ಟಿಗೆಯ ಒಂದು ಮೂಲೆಗೆ ಮಾತ್ರ, ಬಟ್ಟೆಗೂ ರಟ್ಟಿಗೂ ತಾಗದಂತೆ ತೂಗುಹಾಕಿ. ನಡೆಯಲಾರದ ಮರಿ ಸೆಕೆಯಾದರೂ ಸರಿದುಕೊಳ್ಳಲಾರದು. ಅದು ಬಾಯಿ ತೆರೆದು ಏದುತ್ತಿದ್ದರೆ ಬಲ್ಬು ಮೇಲಕ್ಕೆ, ಒಂದೇ ಸಮನೆ ಚೀರುತ್ತಿದ್ದರೆ ಕೆಳಕ್ಕೆ.

ನೀರಿನ ಬಟ್ಟಲು ಕೊಕ್ಕಿನ ಮೇಲಿನ ಮೂಗಿನ ಹೊಳ್ಳೆ ಮುಳುಗುವಷ್ಟು ಆಳವಿರಬೇಕು, ಇಲ್ಲದಿದ್ದರೆ ಅದು ಹೊಳ್ಳೆ ತೊಳೆದುಕೊಳ್ಳಲಾರದು. ಆದರೆ ತಲೆ ಎತ್ತಲಾರದ ಮರಿಗೆ ಅಷ್ಟು ನೀರೇ ಸಾವು. ಬಟ್ಟಲಿಗೆ ದುಂಡು ಬೆಣಚುಕಲ್ಲು ತುಂಬಿ, ಪಕ್ಕದಲ್ಲಿ ನೀವಿದ್ದಾಗ ಮಾತ್ರ ಮುಂದಿಡಿ. ಡ್ರಾಪರ್ ಹಿಡಿದು ಗಂಟಲಿಗೆ ನೀರು ಹಾಕಬೇಡಿ. ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ಇದೆ, ನೀರು ಪುಪ್ಪುಸಕ್ಕೆ ಹೋಗುತ್ತದೆ. ಕೊಕ್ಕಿನ ಅಂಚಿಗೆ ಒಂದು ಹನಿ ತಾಗಿಸಿದರೆ ಅದು ತಾನೇ ಚಪ್ಪರಿಸುತ್ತದೆ. ಆಹಾರವೂ ಒದ್ದೆಯಾಗಿರಲಿ: ಸ್ಟಾರ್ಟರ್ ಪುಡಿಯನ್ನು ನೀರಿನಲ್ಲಿ ಗಂಜಿಯ ಹದಕ್ಕೆ ಕಲಸಿ, ಬೇಯಿಸಿ ಹಿಸುಕಿದ ಹಸಿ ಬಟಾಣಿ, ಬೆಂದ ಮೊಟ್ಟೆ ಸೇರಿಸಿ. ಸ್ಟಾರ್ಟರ್ ಕೊಳ್ಳುವಾಗ ಚೀಲದ ಮೇಲಿನ ಔಷಧಿಗಳ ಹೆಸರನ್ನು ಫೋಟೊ ತೆಗೆದು ವೈದ್ಯರಿಗೆ ತೋರಿಸಿ. ಕೋಳಿಗೆ ಹಾಕುವ ಕೆಲವು ಕಾಕ್ಸಿಡಿಯಾ ನಿರೋಧಕಗಳು ಬಾತಿಗೆ ಆಗಿಬರುವುದಿಲ್ಲ.

ವಿಟಮಿನ್ ಟಾನಿಕ್ ಎಂದು ಬರೆದಿದ್ದ ಮಾತ್ರಕ್ಕೆ ಅದರಲ್ಲಿ ಬೇಕಾದದ್ದು ಇರುತ್ತದೆ ಎಂದಲ್ಲ. ಹಕ್ಕಿಗಳಿಗೆ ಮಾರುವ ಕೆಲವು ಟಾನಿಕ್ಕುಗಳಲ್ಲಿ ಎ, ಡಿ, ಇ ಇದ್ದು ನಿಯಾಸಿನ್ನೇ ಇರುವುದಿಲ್ಲ. ಲೇಬಲ್ಲಿನಲ್ಲಿ ನಿಯಾಸಿನ್ ಅಥವಾ ನಿಯಾಸಿನಮೈಡ್ ಎಂದಿರಬೇಕು. ಬಾತು ಸಾಕುವವರಲ್ಲಿ ರೂಢಿಯಲ್ಲಿರುವ ಅಳತೆ ಕುಡಿಯುವ ನೀರಿನ ಲೀಟರಿಗೆ 25ರಿಂದ 40 ಮಿಲಿಗ್ರಾಂ ನಿಯಾಸಿನ್. ನಿಮ್ಮ ಮರಿಯ ತೂಕಕ್ಕೆ, ಸ್ಥಿತಿಗೆ ಎಷ್ಟೆಂದು ವೈದ್ಯರಿಂದ ಖಚಿತಪಡಿಸಿಕೊಳ್ಳಿ. ಬ್ರೂಯರ್ಸ್ ಈಸ್ಟ್ ಸಿಕ್ಕರೆ ಆಹಾರಕ್ಕೆ ಬೆರೆಸುವುದು ಇನ್ನೂ ಸುಲಭ.

ಚೇತರಿಕೆ ಶುರುವಾದ ಮೇಲೆ ನೀರೇ ಒಳ್ಳೆಯ ವ್ಯಾಯಾಮ. ಉಗುರುಬೆಚ್ಚಗಿನ ನೀರನ್ನು ಟಬ್ಬಿಗೆ ಹಾಕಿ, ಹೊಟ್ಟೆಯ ಅಡಿ ಅಂಗೈಯಿಟ್ಟು ತೇಲಿಸಿದರೆ ಮೈಭಾರವಿಲ್ಲದೆ ಕಾಲು ಆಡುತ್ತದೆ. ಒಂದೆರಡು ನಿಮಿಷ ಸಾಕು. ತಾಯಿಯ ಜೊತೆ ಬೆಳೆಯುವ ಮರಿಗೆ ತಾಯಿಯ ಗರಿಯ ಎಣ್ಣೆ ತಾಗಿ ನೀರು ಅಂಟುವುದಿಲ್ಲ. ಪೆಟ್ಟಿಗೆಯಲ್ಲಿ ಬೆಳೆದ ಮರಿ ತೊಯ್ದು ತೊಪ್ಪೆಯಾಗುತ್ತದೆ. ತಕ್ಷಣ ಒರೆಸಿ ಕಾವಿಗಿಡಬೇಕು.

ನಗರದ ಬಹುತೇಕ ಖಾಸಗಿ ಕ್ಲಿನಿಕ್ಕುಗಳಿಗೆ ಬರುವುದು ನಾಯಿ, ಬೆಕ್ಕು. ಸರ್ಕಾರಿ ಪಶು ಆಸ್ಪತ್ರೆಗೆ ಕೋಳಿ ಬಾತುಗಳೂ ಬರುತ್ತವೆ, ಸಂಕೋಚಪಡದೆ ಅಲ್ಲಿಗೆ ಒಯ್ಯಿರಿ. ಹೋಗುವ ಮೊದಲು ಮರಿ ನಡೆಯುವುದನ್ನೂ ಬೀಳುವುದನ್ನೂ ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ಆಟೋದಲ್ಲಿ ಕುಲುಕಿ ಬೆದರಿದ ಮರಿ ವೈದ್ಯರ ಮೇಜಿನ ಮೇಲೆ ಬೇರೆಯೇ ರೀತಿ ಕೂತಿರುತ್ತದೆ. ವಯಸ್ಸೆಷ್ಟು, ಏನು ತಿನ್ನಿಸಿದಿರಿ, ಜೊತೆಯ ಮರಿ ಹೇಗಿದೆ, ಹಿಕ್ಕೆಯ ಬಣ್ಣ ಯಾವುದು, ಇವಿಷ್ಟಕ್ಕೆ ಉತ್ತರವಿದ್ದರೆ ಅವರ ಅರ್ಧ ಕೆಲಸ ಮುಗಿದಂತೆ.

ಲಿಂಗಾಂಬುಧಿ, ಕುಕ್ಕರಹಳ್ಳಿ ಕೆರೆಗಳ ದಂಡೆಯಲ್ಲಿ ಮರಿ ಸಿಕ್ಕಿತೆಂದು ಎತ್ತಿಕೊಂಡು ಬರುವವರಿಗೆ ಒಂದು ಮಾತು. ಅದು ಸಾಕುಬಾತು ಆಗಿರಲಾರದು, ಚುಕ್ಕೆಕೊಕ್ಕಿನ ಬಾತೋ ಸಿಳ್ಳೆಬಾತೋ ಆಗಿರುತ್ತದೆ. ತಾಯಿ ಜೊಂಡಿನಲ್ಲೇ ಅಡಗಿದ್ದು ನೀವು ಹೋಗಲೆಂದು ಕಾಯುತ್ತಿರಬಹುದು. ಕಾಡುಹಕ್ಕಿಯನ್ನು ಮನೆಯಲ್ಲಿಟ್ಟುಕೊಳ್ಳಲು ಕಾನೂನು ಬಿಡುವುದಿಲ್ಲ. ನಿಜವಾಗಿ ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಎಲ್ಲ ಮರಿಗಳೂ ಉಳಿಯುವುದಿಲ್ಲ. ಸರಿಯಾದ ಆಹಾರ, ವಿಟಮಿನ್, ಕಾವು ಕೊಟ್ಟ ಮೇಲೂ ಮೂರು ನಾಲ್ಕು ದಿನದಲ್ಲಿ ಬದಲಾವಣೆ ಕಾಣದಿದ್ದರೆ, ಮರಿ ಸೆಟೆಯುವುದು ಹೆಚ್ಚುತ್ತಿದ್ದರೆ, ನೋವಿಲ್ಲದ ಸಾವು ಕೊಡುವ ಬಗ್ಗೆ ವೈದ್ಯರ ಬಳಿ ನೇರವಾಗಿ ಮಾತಾಡಿ. ಆ ಮಾತನ್ನು ಮಕ್ಕಳಿಂದ ಮುಚ್ಚಿಡಬೇಕಿಲ್ಲ. ಇನ್ನು ಕೆಲವು ಬದುಕುತ್ತವೆ, ತಲೆ ಮಾತ್ರ ಕೊಂಚ ವಾಲಿಯೇ ಉಳಿಯುತ್ತದೆ. ಅಂಥ ಬಾತಿಗೆ ಮಗುಚದ ಅಗಲವಾದ ಬೋಗುಣಿ, ಗೋಡೆಯಂಚಿನಲ್ಲಿ ಊಟದ ಜಾಗ, ಒರಗಿಕೊಳ್ಳಲು ಜೊತೆಗೊಂದು ಬಾತು ಸಿಕ್ಕರೆ ಅದು ವರ್ಷಗಟ್ಟಲೆ ಬಾಳುತ್ತದೆ, ಮೊಟ್ಟೆಯನ್ನೂ ಇಡುತ್ತದೆ.